ಗಿರಣಿ ತಾರಸಿಯ ಕಪ್ಪು ಗಾಜು

ಮೂರು ವಾರ ಮಗಳು ಸೊಲ್ಹಿಯ ಬಾಣಂತನ ಮುಗಿಸಿ ತೆಗೂ ನಗರದಿಂದ ಬಸ್ಸಿನಲ್ಲಿ ಬಂದಿಳಿದ ಇಮ್‌ಸೂನ್, ಕೈಚೀಲವನ್ನು ಗಿರಣಿಯ ಹೊಸ್ತಿಲಲ್ಲೇ ಇಟ್ಟು ನೇರ ತಾರಸಿಗೆ ಹತ್ತಿದಳು. ಆಗಸ್ಟ್ ತಿಂಗಳ ಕೊನೆ. ಇನ್ನು ನಾಲ್ಕೈದು ದಿನಕ್ಕೆ ಪೇಟೆಬೀದಿಯ ಹೆಂಗಸರೆಲ್ಲ ಕೆಂಪು ಮೆಣಸಿನಕಾಯಿಯ ಮೂಟೆ ಹೊರಿಸಿಕೊಂಡು ಬರುತ್ತಾರೆ. ಅಷ್ಟರೊಳಗೆ ನೆಲ ಗುಡಿಸಿ, ತೊಳೆದು, ಬಲೆ ಹಾಸಿಡಬೇಕು. ಕೊನೆಯ ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತುಬಿಟ್ಟಳು.

ಗುಡಿಸುವುದಕ್ಕೆ ನೆಲವೇ ಇರಲಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಕಪ್ಪು ಗಾಜಿನ ಹಲಗೆಗಳು, ಮೊಣಕಾಲೆತ್ತರದ ಕಂಬಿಗಳ ಮೇಲೆ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಸಾಲುಗಳ ನಡುವೆ ಮಾತ್ರ ಒಬ್ಬರು ಅಡ್ಡ ತಿರುಗಿ ಹೋಗುವಷ್ಟು ಸಂದು ಬಿಟ್ಟಿದ್ದರು.

"ಹೇಗಿದೆ?" ಎಂದು ಹಿಂದಿನಿಂದ ಗಂಡ ಮನ್‌ಬೊಕ್‌ನ ದನಿ ಕೇಳಿತು. ಓಡಿಬಂದ ಏದುಸಿರಿನಲ್ಲೂ ಅವನ ಮುಖ ಅರಳಿತ್ತು. "ಇಪ್ಪತ್ನಾಲ್ಕು ಹಲಗೆ! ನಮ್ಮ ಬೀದೀಲಿ ನಾವೇ ಮೊದಲು."

"ಸೊಲ್ಹಿ ಅಪ್ಪ, ಇದೇನು?"

"ನಿನ್ನ ಕೇಳೇ ಮಾಡಿಸಿದ್ದು. ಫೋನಲ್ಲಿ ಕೇಳ್ಲಿಲ್ವಾ? ಕರೆಂಟ್ ಬಿಲ್ ಕಮ್ಮಿ ಆಗೋದು ಒಂದು ಹಾಕಿಸ್ಲಾ ಅಂತ. ಮೊಹರು ಎಲ್ಲಿದೆ ಅಂತಾನೂ ನೀನೇ ಹೇಳ್ದೆ."

ಕೇಳಿದ್ದು ನಿಜ. ಆಗ ಅವಳ ಒಂದು ಕೈಯಲ್ಲಿ ಒದ್ದೆ ಕೂಸು, ಇನ್ನೊಂದು ಕೈಯಲ್ಲಿ ಕಡಲಪಾಚಿ ಸಾರಿನ ಸೌಟು. ಹಿತ್ತಲಿನ ಶೆಡ್ಡಿಗೆ ಏನೋ ಒಂದು ಚೂರು ಹಾಕಿಸುತ್ತಾನೆ ಎಂದುಕೊಂಡು, ಮಗು ಅಳ್ತಿದೆ, ಏನಾದ್ರೂ ಮಾಡ್ಕೊಳ್ಳಿ, ಮೊಹರು ಎಳ್ಳಿನ ಡಬ್ಬೀಲಿದೆ ಎಂದಿದ್ದಳು. ಮನ್‌ಬೊಕ್ ಮನೆಯಳಿಯನಾಗಿ ಬಂದವನು. ಗಿರಣಿ ಅವಳ ಅಪ್ಪನದು, ಕಾಗದವೆಲ್ಲ ಅವಳ ಹೆಸರಲ್ಲಿತ್ತು, ಸಹಿಯ ಬದಲು ಒತ್ತುವ ಮೊಹರೂ ಅವಳದೇ. ಮೂವತ್ತೈದು ವರ್ಷ ಎಳ್ಳೆಣ್ಣೆ ಹಿಂಡಿದ್ದು ಅವನೇ. ಆದರೆ ಒಂದು ಬಲ್ಬು ಬದಲಿಸುವುದಿದ್ದರೂ ಅವಳನ್ನು ಕೇಳಿಯೇ ಬದಲಿಸಿದ್ದ. ಅಂಥವನು ಇಷ್ಟು ದೊಡ್ಡದನ್ನು ಮಾಡಿಯಾನೆಂದು ಅವಳು ಎಣಿಸಿರಲಿಲ್ಲ.

"ಮೆಣಸಿನಕಾಯಿ ಎಲ್ಲಿ ಹಾಕ್ತಾರೆ?" ಎಂದಳು.

ಮನ್‌ಬೊಕ್ ಹಲಗೆಗಳನ್ನು ನೋಡಿದ, ಅವಳನ್ನು ನೋಡಿದ. "ಕೆಳಗೆ. ಹಲಗೆ ಕೆಳಗೆ ಜಾಗ ಇದೆಯಲ್ಲ."

"ನೆರಳಲ್ಲಿ?"

ಆ ಪ್ರಶ್ನೆ ಈಗಷ್ಟೇ ಅವನ ತಲೆಗೆ ಹೊಕ್ಕಿತ್ತು.

ಆ ಗಿರಣಿ ಬದುಕಿದ್ದೇ ತಾರಸಿಯಿಂದ. ಬೀದಿಯ ಮನೆಗಳು ಗೇಣಗಲ. ಎದುರಿಗೆ ಹದಿನೈದು ಅಂತಸ್ತಿನ ಕಟ್ಟಡ ಎದ್ದ ಮೇಲೆ ಅವುಗಳ ಅಂಗಳಕ್ಕೆ ಬಿಸಿಲು ಬೀಳುವುದು ದಿನಕ್ಕೆ ಎರಡೇ ತಾಸು. ಗಿರಣಿಯ ತಾರಸಿಗೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಸೂರ್ಯ ತಪ್ಪುತ್ತಿರಲಿಲ್ಲ. ಇಮ್‌ಸೂನ್‌ಳ ಅಪ್ಪನ ಕಾಲದಿಂದ ಇದ್ದ ಕಟ್ಟಳೆ ಒಂದೇ: ತಾರಸಿಗೆ ಬಾಡಿಗೆಯಿಲ್ಲ, ಆದರೆ ಇಲ್ಲಿ ಒಣಗಿಸಿದವರು ಇಲ್ಲೇ ಪುಡಿ ಮಾಡಿಸಬೇಕು. ಮಳೆ ಬಂದರೆ ಯಾರು ಹತ್ತಿರವಿದ್ದಾರೋ ಅವರು ಎಲ್ಲರದನ್ನೂ ಎತ್ತಬೇಕು. ಮೂವತ್ತು ಮನೆಯವರ ಚಳಿಗಾಲದ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಗೆ ಇಲ್ಲಿಂದಲೇ ಪುಡಿ. ಮೆಣಸಿಗೆ ಬಂದವರೇ ಎಳ್ಳು ತರುತ್ತಾರೆ, ಹಬ್ಬಕ್ಕೆ ಕಡುಬು ಹೇಳುತ್ತಾರೆ. ಮೆಣಸಿನ ಎರಡು ತಿಂಗಳು ತಪ್ಪಿದರೆ ಉಳಿದ ಹತ್ತು ತಿಂಗಳು ಗಿರಣಿಯಲ್ಲಿ ನೊಣ ಹೊಡೆಯಬೇಕು. ಊರಾಚೆ ಸೊಸೈಟಿಯವರು ದೊಡ್ಡ ಒಣಗಿಸುವ ಯಂತ್ರ ಇಟ್ಟಿದ್ದರು, ಪಕ್ಕದಲ್ಲೇ ಪುಡಿ ಯಂತ್ರವನ್ನೂ ಇಟ್ಟುಕೊಂಡು ಬಾಯಿ ತೆರೆದು ಕಾಯುತ್ತಿದ್ದರು.

ಕೆಳಗಿಳಿದರೆ ಇನ್ನೊಂದು ಕಾದಿತ್ತು. ಗಿರಾಕಿಗಳು ಕೂತು ಕಾಯುವ ಬೆಂಚು ಹಿತ್ತಲು ಸೇರಿ, ಅದರ ಜಾಗದಲ್ಲಿ ಆಳೆತ್ತರದ ಬಿಳಿ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತ ನಿಂತಿತ್ತು.

"ಬ್ಯಾಟರಿ," ಎಂದ ಮನ್‌ಬೊಕ್. ಈ ಸಲ ದನಿ ಸಣ್ಣಗಿತ್ತು. "ಇದರ ಕಾಗದಕ್ಕೆ ನಿನ್ನ ಮೊಹರು ಬಿದ್ದಿಲ್ಲ. ಒಂದು ತಿಂಗಳು ಇಟ್ಟು ನೋಡಿ, ಅಮ್ಮ ಬಂದ್ಮೇಲೆ ಒತ್ತಿದ್ರೆ ಸಾಕು ಅಂದ್ರು ಹಲಗೆ ಕಂಪನಿಯ ಡೈರೆಕ್ಟರ್ ಪ್ಯೊ. ಹಗಲಿನ ಬಿಸಿಲನ್ನ ಹಿಡಿದಿಟ್ಕೊಂಡು ಬೆಳಗಿನ ಜಾವಕ್ಕೆ ಕೊಡುತ್ತಂತೆ. ಕಡುಬು ಬೇಯಿಸೋ ಹೊತ್ತಿಗೆ."

"ಕಡುಬು ಬೇಯೋದು ಗ್ಯಾಸಲ್ಲಿ, ಸೊಲ್ಹಿ ಅಪ್ಪ."

"ಅಕ್ಕಿ ಬೀಸೋಕೆ ಕರೆಂಟ್ ಬೇಕಲ್ಲ."

"ಅರ್ಧ ಗಂಟೆ. ಅದೂ ವಾರಕ್ಕೆರಡು ಸಲ. ಅದಕ್ಕೆ ಈ ಬೀರು?"

ಮನ್‌ಬೊಕ್ ಕಂಪನಿಯವರು ಕೊಟ್ಟ ಬಣ್ಣದ ಪುಸ್ತಕ ತಂದು ತೋರಿಸಿದ. ಮೊದಲ ಪುಟದಲ್ಲಿ ಬಿಳಿ ಟೊಪ್ಪಿಗೆಯ ಹುಡುಗಿಯೊಬ್ಬಳು ಹೊಗೆಯಾಡುವ ಕಡುಬು ಹಿಡಿದು ನಗುತ್ತಿದ್ದಳು. ಕೆಳಗೆ 'ಇಂದಿನ ಕಡುಬಿಗೆ ನಿನ್ನೆಯ ಸೂರ್ಯ' ಎಂದು ಬರೆದಿತ್ತು. ಇಮ್‌ಸೂನ್ ಆ ಹುಡುಗಿಯ ಉಗುರುಗಳನ್ನು ನೋಡಿದಳು. ಜನ್ಮದಲ್ಲಿ ಒಂದು ಹಿಡಿ ಅಕ್ಕಿ ತೊಳೆಯದ ಉಗುರುಗಳು.

ಸೆಪ್ಟೆಂಬರ್ ಮೊದಲ ಸೋಮವಾರ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಉಲ್ಜಿನ್ ಅಜ್ಜಿ. ಕಡಲತೀರದ ಉಲ್ಜಿನ್‌ನಿಂದ ಮದುವೆಯಾಗಿ ಬಂದು ಅರವತ್ತು ವರ್ಷವಾದರೂ ಬೀದಿಗೆ ಅವಳು ಆ ಊರಿನ ಹೆಸರಿನವಳೇ. ಬಾಗಿದ ಬೆನ್ನು, ಬಾಗದ ನಾಲಿಗೆ. ಒಳಗೆ ಬಂದವಳು ಬಿಳಿ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು.

"ಹೊಸ ಕಿಮ್ಚಿ ಫ್ರಿಜ್ಜಾ?"

"ಅಲ್ಲ ಅಜ್ಜಿ, ಬ್ಯಾಟರಿ," ಎಂದ ಮನ್‌ಬೊಕ್.

"ಒಳಗೇನಿದೆ?"

"ಬಿಸಿಲು."

ಅಜ್ಜಿ ಇಮ್‌ಸೂನ್‌ಳ ಕಡೆ ತಿರುಗಿ, "ಸೊಲ್ಹಿ ಅಮ್ಮ, ಮೂರು ವಾರ ಗಂಡನಿಗೆ ಸರಿಯಾಗಿ ಊಟ ಇರ್ಲಿಲ್ಲ ಅನ್ನಿಸುತ್ತೆ," ಎಂದಳು.

ತಾರಸಿಗೆ ಹೋದಾಗ ಮಾತ್ರ ಯಾರೂ ನಗಲಿಲ್ಲ. ಟೋಫು ಅಂಗಡಿಯ ಅಕ್ಕ ಮೂಟೆ ಇಳಿಸದೆ ಬಾಗಿ ಹಲಗೆಯಡಿ ಇಣುಕಿದಳು. "ಇದರಡಿ ಬೆಕ್ಕು ಮರಿ ಹಾಕಬಹುದು. ಮೆಣಸಿನಕಾಯಿ ಒಣಗಲ್ಲ," ಎಂದಳು. ಆದರೂ ಹಳೇ ಬಳಕೆಯ ದಾಕ್ಷಿಣ್ಯಕ್ಕೆ ಹಾಸಿದರು. ಎರಡು ದಿನ ಮೋಡ ಕವಿಯಿತು. ಮೂರನೆಯ ದಿನ ತಿರುವಿ ನೋಡಿದರೆ ತೊಟ್ಟಿನ ಸುತ್ತ ಬೂದಿ ಬಣ್ಣದ ಬೂಷ್ಟು. ಟೋಫು ಅಕ್ಕ ಒಂದೂ ಮಾತಾಡದೆ ತನ್ನೆರಡು ಮೂಟೆ ಕಟ್ಟಿ ಸೊಸೈಟಿಯ ಕಡೆ ಹೋದಳು. ಬೈದಿದ್ದರೆ ಇಮ್‌ಸೂನ್‌ಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ವಾರ ಮುಗಿಯುವಷ್ಟರಲ್ಲಿ ಹನ್ನೊಂದು ಮನೆಯವರು ಅವಳ ಹಿಂದೆ ಹೋದರು.

ಮನ್‌ಬೊಕ್ ಮಾತ್ರ ಫೋನು ನೋಡುತ್ತಿದ್ದ. ಹಲಗೆಗಳು ಎಷ್ಟು ಕರೆಂಟು ಹೆತ್ತವೆಂದು ಅದರಲ್ಲಿ ಅಂಕಿ ಬರುತ್ತಿತ್ತು. ಊಟದ ಮಧ್ಯೆ, "ಈಗ ಏಳು!" ಎನ್ನುವನು. ಬಚ್ಚಲಿನಿಂದ, "ಎಂಟಾಯ್ತು!" ಎಂದು ಕೂಗುವನು. ಸೊಲ್ಹಿ ಹುಟ್ಟಿದಾಗ ಅವಳ ತೂಕವನ್ನೂ ಇಷ್ಟು ಸಲ ಹೇಳಿರಲಿಲ್ಲ.

"ಎಂಟು ಬಂತಲ್ಲ, ಅದರಲ್ಲಿ ನಾವೇನು ಬೀಸ್ತಿದೀವಿ ಈಗ?" ಎಂದು ಇಮ್‌ಸೂನ್ ಕೇಳಿದಳು.

"ಈಗ ಏನೂ ಇಲ್ಲ."

"ಯಾಕೆ ಇಲ್ಲ?"

ಯಾಕೆಂದರೆ ಗಿರಾಕಿ ಇರಲಿಲ್ಲ. ಅದನ್ನು ಅವನ ಬಾಯಿಂದ ಹೇಳಿಸುವುದು ಬೇಡವೆಂದು ಅವಳೇ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದಳು. ಸಿಟ್ಟು ಬಂದರೂ ಅವನನ್ನು ಹಸಿವಿನಲ್ಲಿಟ್ಟು ಅಭ್ಯಾಸವಿಲ್ಲ.

ಮರುವಾರ ಕಂಪನಿಯವರು ತಮ್ಮ ಗಿರಾಕಿಗಳನ್ನೆಲ್ಲ 'ಸೂರ್ಯಬಂಧುಗಳ ಪ್ರವಾಸ'ವೆಂದು ಬಸ್ಸಿನಲ್ಲಿ ದಕ್ಷಿಣದ ಕಡಲತೀರಕ್ಕೆ ಕರೆದೊಯ್ದರು. ಒಂದು ಬೆಟ್ಟದ ತುಂಬ ಇದೇ ಕಪ್ಪು ಹಲಗೆ ತೋರಿಸಿ, ಹಸಿ ಮೀನಿನ ಊಟ ಹಾಕಿಸಿ, ಮೂರು ದಿನ ಇಟ್ಟುಕೊಳ್ಳುವುದಂತೆ. ತಾರಸಿಯಲ್ಲಿರುವುದನ್ನೇ ನೋಡುವುದಕ್ಕೆ ಅಷ್ಟು ದೂರ ಹೋಗಲು ಮನ್‌ಬೊಕ್ ಹೊಸ ಅಂಗಿ ಹಾಕಿಕೊಂಡ.

ಅವನು ಹೋದ ದಿನ ಬೆಳಿಗ್ಗೆ ಚುರುಗುಟ್ಟುವ ಬಿಸಿಲು. ಉಲ್ಜಿನ್ ಅಜ್ಜಿ ಅರ್ಧ ಬಾಡಿದ ತನ್ನ ಮೆಣಸಿನಕಾಯಿ ನೋಡಲು ಮೇಲೆ ಹತ್ತಿ, ಸುಸ್ತಾಗಿ ಒಂದು ಹಲಗೆಗೆ ಅಂಗೈ ಊರಿದಳು.

"ಅಯ್ಯಯ್ಯೋ! ಸೊಲ್ಹಿ ಅಮ್ಮ, ಬಾ ಇಲ್ಲಿ. ಇದನ್ನ ಮುಟ್ಟು."

ಇಮ್‌ಸೂನ್ ಮುಟ್ಟಿದಳು. ಕೈ ಸುಡುವಂತಿತ್ತು. ಹಳೆಯ ಸಿಮೆಂಟಿನ ನೆಲ ಎಂದೂ ಅಷ್ಟು ಕಾದಿರಲಿಲ್ಲ. ಹಲಗೆಗಳು ದಕ್ಷಿಣಕ್ಕೆ ಮುಖ ಮಾಡಿದ್ದವು. ನಿಜಕ್ಕೂ ಅವನ್ನು ಇನ್ನಷ್ಟು ಓರೆಯಾಗಿ ನಿಲ್ಲಿಸಬೇಕಿತ್ತು. ಹಾಗೆ ನಿಲ್ಲಿಸಿದರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ದೂರ ಇಡಬೇಕಾಗಿ ಹದಿನಾರೇ ಹಿಡಿಯುತ್ತವೆಂದು, ಇಪ್ಪತ್ನಾಲ್ಕನ್ನು ಮಾರುವ ಆಸೆಗೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗಿಸಿದ್ದರು. ಅಜ್ಜಿ ಒಂದು ಹಿಡಿ ಮೆಣಸಿನಕಾಯಿ ಗಾಜಿನ ಮೇಲಿಟ್ಟಳು. ಒಂದೂ ಜಾರಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ತಪ್ಪಾಗುತ್ತೇನೋ ಅಜ್ಜಿ."

"ಮೆಣಸಿನಕಾಯಿ ಬಿಸಿಲಲ್ಲಿ ಇಡೋದು ಯಾವತ್ತಿಂದ ತಪ್ಪಾಯ್ತು?"

ಇಮ್‌ಸೂನ್ ಬಲೆ ತಂದು ಹಲಗೆಗಳ ಮೇಲೆ ಹಾಸಿ, ಮೂಟೆಯ ಬಾಯಿ ತಾನೇ ಬಿಚ್ಚಿದಳು.

ಐದು ದಿನ ಹಿಡಿಯುತ್ತಿದ್ದದ್ದು ಮೂರನೆಯ ದಿನಕ್ಕೆ ಒಣಗಿತು. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಸಿಪ್ಪೆ ಬೆಳಕಿಗೆ ಹಿಡಿದರೆ ಮಾಣಿಕ್ಯದ ಹಾಗೆ ಕಾಣಬೇಕು, ತೊಟ್ಟು ಹೊಂಬಣ್ಣಕ್ಕೆ ತಿರುಗಬೇಕು. ಮೂರೂ ಆಗಿತ್ತು. ಸುದ್ದಿಗೆ ಕಾಲು ಬೇಕೇ? ಪ್ರವಾಸದ ಬಸ್ಸು ವಾಪಸಾಗುವ ಹೊತ್ತಿಗೆ ಇಪ್ಪತ್ನಾಲ್ಕು ಹಲಗೆಗಳಲ್ಲಿ ಇಪ್ಪತ್ತು ಕೆಂಪಾಗಿದ್ದವು.

ಮನ್‌ಬೊಕ್ ಕಂಪನಿಯ ಹೆಸರು ಅಚ್ಚಾದ ಹೊಸ ಟವೆಲ್ಲು ಕುತ್ತಿಗೆಗೆ ಸುತ್ತಿಕೊಂಡು ಬಂದ. ಮುಖ ಬಾಡಿತ್ತು. "ಮೂರು ದಿನದಿಂದ ಅಂಕಿ ಏರ್ತಾನೇ ಇಲ್ಲ. ಇಲ್ಲಿ ಮೋಡ ಇತ್ತಾ?"

"ಒಳ್ಳೇ ಬಿಸಿಲಿತ್ತಲ್ಲ," ಎಂದಳು ಇಮ್‌ಸೂನ್.

"ಕಂಪನಿಗೂ ಗೊತ್ತಾಗಿದೆ. ಡೈರೆಕ್ಟರ್ ಪ್ಯೊ ಅವರೇ ಬರ್ತಿದಾರೆ. ಹೇಗೂ ಬ್ಯಾಟರಿ ಕಾಗದಕ್ಕೆ ನಿನ್ನ ಮೊಹರು ಬೇಕಲ್ಲ."

ಡೈರೆಕ್ಟರ್ ಪ್ಯೊಗೆ ನಲವತ್ತರ ಆಸುಪಾಸು. ಮೊನಚು ಬೂಟು, ಎಲ್ಲರನ್ನೂ 'ಅಮ್ಮಾ' ಎನ್ನುವ ನಾಲಿಗೆ. ತಾರಸಿ ಹತ್ತಿದವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಏಳೆಂಟು ಹೆಂಗಸರು ಬಿಸಿಲುಟೋಪಿ ಹಾಕಿಕೊಂಡು ಸಂದುಗಳಲ್ಲಿ ಅಡ್ಡಡ್ಡ ಓಡಾಡುತ್ತ ಮೆಣಸಿನಕಾಯಿ ತಿರುವುತ್ತಿದ್ದರು.

"ಅಮ್ಮಾ! ಏನಮ್ಮಾ ಇದು!"

"ಯಾರಿಗೆ ಹೇಳ್ತಿದೀಯಪ್ಪ? ನಾನು ಹೆತ್ತಿದ್ದು ನಾಲ್ಕು, ನಾಲ್ಕರ ಮುಖಾನೂ ನೆನಪಿದೆ," ಎಂದಳು ಉಲ್ಜಿನ್ ಅಜ್ಜಿ, ತಿರುವುವುದನ್ನು ನಿಲ್ಲಿಸದೆ.

"ಇದು ಕರೆಂಟ್ ತಯಾರಿಸೋ ಯಂತ್ರ! ಬಿಸಿಲು ಇದಕ್ಕೆ ಬೀಳ್ಬೇಕು, ಮೆಣಸಿನಕಾಯಿಗಲ್ಲ!"

"ಹೌದಾ? ಸೂರ್ಯನಿಗೆ ನೀವೇ ಹೇಳಿ," ಎಂದಳು ಇನ್ನೊಬ್ಬಳು.

ಮನ್‌ಬೊಕ್ ಕಿವಿವರೆಗೆ ಕೆಂಪಾಗಿ ಹೆಂಡತಿಯನ್ನು ನೋಡಿದ. ಪ್ಯೊ ಕೋಟು ಸರಿಮಾಡಿಕೊಂಡು ದನಿ ಬದಲಿಸಿದ. "ಅಮ್ಮಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಅದಕ್ಕೂ ದಾರಿ ಇದೆ. ಬ್ಯಾಟರಿ ಕಾಗದಕ್ಕೆ ಮೊಹರು ಒತ್ತಿ. ಜೊತೆಗೆ ಒಂದು ಕರೆಂಟಿನ ಒಣಗಿಸೋ ಯಂತ್ರ ತಗೊಳ್ಳಿ. ಬಿಸಿಲು ಹಲಗೆಗೆ ಬೀಳುತ್ತೆ, ಹಲಗೆಯಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಯಂತ್ರಕ್ಕೆ. ಯೋಚನೆ ಮಾಡಿ, ಆಗ ಅದೂ ಬಿಸಿಲಲ್ಲಿ ಒಣಗಿದ ಮೆಣಸಿನಕಾಯೇ!"

ತಿರುವುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ ಅವನನ್ನು ನೋಡಿದರು. ಬಿಸಿಲಲ್ಲಿ ಒಣಗಿದ್ದಕ್ಕೂ ಯಂತ್ರದಲ್ಲಿ ಒಣಗಿದ್ದಕ್ಕೂ ವ್ಯತ್ಯಾಸವಿಲ್ಲವೆಂದು ಆ ಊರಿನಲ್ಲಿ ಹೇಳುವುದು ಒಂದೇ, ಹೆತ್ತ ತಾಯಿಗೂ ಆಸ್ಪತ್ರೆಯ ಆಯಾಗೂ ವ್ಯತ್ಯಾಸವಿಲ್ಲ ಎನ್ನುವುದು ಒಂದೇ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು.

"ನಮ್ಮನೆಯಿಂದ ಪಕ್ಕದ್ಮನೆಗೆ ಹೋಗೋಕೆ ಸಿಯೋಲ್‌ವರೆಗೂ ರೈಲು ಹತ್ತಿ ಬಾ ಅಂದಂಗಾಯ್ತು," ಎಂದಳು ಅಜ್ಜಿ. "ಬಿಸಿಲು ಇಲ್ಲಿದೆ, ಮೆಣಸಿನಕಾಯಿ ಇಲ್ಲಿದೆ. ಮಧ್ಯೆ ನೀನು ಯಾಕಪ್ಪ?"

ಪ್ಯೊ ಚೀಲದಿಂದ ಒಪ್ಪಂದ ತೆಗೆದ. ಐದು ವರ್ಷ ಹಲಗೆ ಕದಲಿಸುವಂತಿಲ್ಲ, ಕದಲಿಸಿದರೆ ಸರ್ಕಾರ ಕೊಟ್ಟ ಸಹಾಯಧನ ವಾಪಸು ಕಟ್ಟಬೇಕು, ಹಲಗೆಗಳನ್ನು ಚೊಕ್ಕಟವಾಗಿಡಬೇಕು.

"ಓದಿ, ಏನೇನು ಬೀಳಬಾರ್ದು ಅಂತ," ಎಂದಳು ಇಮ್‌ಸೂನ್.

"ಒಣಗಿದ ಎಲೆ, ಹಿಮ, ಧೂಳು, ಹಕ್ಕಿ ಹಿಕ್ಕೆ..."

"ಮೆಣಸಿನಕಾಯಿ?"

"ಅದನ್ನ ಯಾರಾದ್ರೂ ಬರೀತಾರಾ ಅಮ್ಮಾ? ಯಾರೂ ಇಡಲ್ವಲ್ಲ!"

"ಯಾರೂ ಇಡಲ್ವಂತೆ," ಎಂದಳು ಅಜ್ಜಿ ಪಕ್ಕದವಳಿಗೆ. "ನೋಡು, ನಾವು ಲೆಕ್ಕಕ್ಕೇ ಇಲ್ಲ."

ಇಮ್‌ಸೂನ್ ಕೈಗೆ ಅಂಟಿದ ಬೀಜ ಒರೆಸಿಕೊಂಡಳು. ಗಂಡನ ಮುಂದೆ ಹೊರಗಿನವನನ್ನು ಹಂಗಿಸುವುದು ಅವಳಿಗೆ ಇಷ್ಟವಿರಲಿಲ್ಲ; ಅದು ಗಂಡನಿಗೇ ತಾಗುತ್ತದೆ. ಆದರೆ ಹೊರಟುಹೋದ ಹನ್ನೊಂದು ಮನೆ ಕಣ್ಣ ಮುಂದೆ ಬಂತು.

"ಡೈರೆಕ್ಟರೇ, ಒಂದು ಮಾತು. ನಮ್ಮ ಗಿರಣಿ ಮೋಟಾರು ಯಾವಾಗ ತಿರುಗುತ್ತೆ, ಗೊತ್ತಾ?"

"ಅದು... ಕೆಲಸದ ಹೊತ್ತಲ್ಲಿ."

"ಕೆಲಸದ ಹೊತ್ತು ಯಾವುದು?"

ಪ್ಯೊ ಮನ್‌ಬೊಕ್‌ನನ್ನು ನೋಡಿದ. ಮನ್‌ಬೊಕ್ ಟವೆಲ್ಲಿನ ಅಂಚನ್ನು ನೋಡಿದ.

"ವರ್ಷದಲ್ಲಿ ಎರಡು ತಿಂಗಳು. ಅದೂ ಈ ಮೆಣಸಿನಕಾಯಿ ಒಣಗಿದ್ರೆ. ಇದು ಒಣಗದಿದ್ರೆ ನಿಮ್ಮ ಕರೆಂಟಿಂದ ಬೀಸೋಕೇನಿದೆ? ಬೆಳಗಿನ ಜಾವ ಅರ್ಧ ಗಂಟೆ ಅಕ್ಕಿ ಬೀಸೋಕೆ ಆ ಪೆಟ್ಟಿಗೆ ಬೇಕಾ? ಎದುರಿಗೆ ಮೀನಿನ ಹೋಟೆಲಿದೆ ನೋಡಿ. ತೊಟ್ಟೀಲಿ ಜೀವಂತ ಮೀನು. ಹಗಲೂ ರಾತ್ರಿ ಗಾಳಿ ಊದ್ಬೇಕು, ನೀರು ತಣ್ಣಗಿಡ್ಬೇಕು. ಕರೆಂಟ್ ಒಂದು ಗಂಟೆ ಹೋದ್ರೆ ಅವರ ಕಥೆ ಮುಗೀತು. ಹಲಗೇನೂ ಬೇಕು, ಬ್ಯಾಟರೀನೂ ಬೇಕು ಅವರಿಗೆ. ಅಲ್ಲಿ ಯಾಕೆ ಹೋಗ್ಲಿಲ್ಲ?"

"ಹೋಗಿದ್ದೆ ಅಮ್ಮಾ. ಅವರ ತಾರಸಿ ತುಂಬಾ ಚಿಕ್ಕದು."

"ಅಂದ್ರೆ ನೀವು ವ್ಯಾಪಾರ ನೋಡಿ ಮಾರೋರಲ್ಲ, ತಾರಸಿ ನೋಡಿ ಮಾರೋರು."

ಪ್ಯೊ ನಕ್ಕ. ಮಾರುವವರಿಗೆ ಅದೊಂದು ನಗುವಿರುತ್ತದೆ, ಚರ್ಮ ಮಾತ್ರ ನಗುವಂಥದ್ದು. "ಹಾಗಾದ್ರೆ ಮೊಹರು..."

"ಒತ್ತಲ್ಲ. ಪೆಟ್ಟಿಗೆ ತಗೊಂಡು ಹೋಗಿ, ನಮ್ಮ ಬೆಂಚಿಗೆ ಜಾಗ ಬೇಕು. ಹಲಗೆ ಇರ್ಲಿ, ಅದಕ್ಕೆ ನಾನೇ ಹೂಂ ಅಂದಿದ್ದು. ಹತ್ತು ತಿಂಗಳು ಅದರ ಕೆಲಸ ಅದು ಮಾಡ್ಲಿ, ಬಂದಷ್ಟು ಕರೆಂಟು ಬರ್ಲಿ. ಇವೆರಡು ತಿಂಗಳು ಮೆಣಸಿನಕಾಯಿದು."

"ಗಾಜಿಗೆ ಗೀರು ಬಿದ್ರೆ ನಮ್ಮ ಖಾತರಿ ಇರಲ್ಲ ಅಮ್ಮಾ."

"ಇದ್ದಾಗ ಏನು ಮಾಡ್ತು ಅದು?"

ಪ್ಯೊ ಕಾಗದ ಮಡಚಿದ. ಮನ್‌ಬೊಕ್ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, "ನಾನು ಏನೋ ಒಂದು ಒಳ್ಳೇದು ಮಾಡ್ಬೇಕು ಅಂತ..." ಎಂದ.

"ಗೊತ್ತು ಕಣ್ರೀ," ಎಂದಳು ಅವಳೂ ಮೆಲ್ಲಗೆ. "ಇನ್ಮೇಲೆ ಒಳ್ಳೇದು ಮಾಡೋ ಮುಂಚೆ ಒಂದ್ಸಲ ಮೇಲೆ ಹತ್ತಿ ನೋಡಿ, ಅಲ್ಲಿ ಯಾರಿದಾರೆ ಅಂತ. ಈಗ ಆ ಮೂಲೆ ಸಾಲು ತಿರುವಿ, ಅಜ್ಜಿ ಕೈ ಅಲ್ಲಿಗೆ ಎಟುಕಲ್ಲ."

ಅವನು ಅಂಗಿಯ ತೋಳು ಮಡಿಸಿ ಹೋದ. ಪ್ಯೊ ಮೆಟ್ಟಿಲ ಕಡೆ ತಿರುಗಿದಾಗ ಉಲ್ಜಿನ್ ಅಜ್ಜಿ ಅವನ ಕೋಟು ಹಿಡಿದು ನಿಲ್ಲಿಸಿದಳು.

"ತಮ್ಮಾ, ನಮ್ಮನೆ ಮಾಡಿನ ಮೇಲೂ ಮಧ್ಯಾಹ್ನ ಸ್ವಲ್ಪ ಬಿಸಿಲು ಬೀಳುತ್ತೆ. ಇಂಥದ್ದು ಎರಡು ಕೊಡ್ತೀಯಾ? ಕುಂಬಳಕಾಯಿ ಹೋಳು ಒಣಗಿಸೋಕೆ. ವೈರು ಗೀರು ಬೇಡ, ಬರೀ ಹಲಗೆ ಸಾಕು."

ಹೆಂಗಸರು ಮತ್ತೆ ನಗಲು ಶುರುಮಾಡಿದರು. ಪ್ಯೊ ಮಾತ್ರ ನಗಲಿಲ್ಲ. ಜೇಬಿನಿಂದ ತನ್ನ ಹೆಸರಿನ ಕಾರ್ಡು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಾಗಿ ಅಜ್ಜಿಗೆ ಕೊಟ್ಟ. "ನಾಳೆ ಅಳತೆ ತಗೊಳ್ಳೋಕೆ ಬರ್ತೀನಿ, ಅಮ್ಮಾ," ಎಂದ.

ಇಮ್‌ಸೂನ್ ಕೆಳಗಿಳಿದಳು. ಅಜ್ಜಿಯ ಮೊದಲ ಮೂಟೆ ಪುಡಿಗೆ ಸಿದ್ಧವಾಗಿತ್ತು. ಮೋಟಾರಿನ ಪಟ್ಟಿ ಎಳೆದು ನೋಡಿ, ಜರಡಿ ಒರೆಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಟೋಫು ಅಂಗಡಿಯ ಅಕ್ಕ. ಒಂದು ಮೂಟೆ ಬೆನ್ನ ಮೇಲೆ, ಇನ್ನೊಂದು ಕಾಲ ಬಳಿ.

"ಸೊಸೈಟಿ ಯಂತ್ರದಲ್ಲಿ ಒಂದು ಮೂಟೆ ಹಾಕಿಸ್ದೆ. ಕಪ್ಪಾಗೋಯ್ತು," ಎಂದಳು ಅಕ್ಕ, ಎತ್ತಲೋ ನೋಡುತ್ತ. "ಬೂಷ್ಟು ಬಂದದ್ದನ್ನ ಆರಿಸಿ ಎಸೆದೆ. ಇವೆರಡು ಹೊಸ ಕುಯ್ಲಿನವು. ಮೇಲೆ... ಜಾಗ ಇದೆಯಾ?"

ಹೇಳಬಹುದಾದ ಮಾತು ಬೇಕಾದಷ್ಟಿದ್ದವು. ಅಕ್ಕ ಮೂಟೆ ಕಟ್ಟಿಕೊಂಡು ಹೋದ ದಿನದಿಂದ ಇಮ್‌ಸೂನ್ ಅವನ್ನು ಒಂದೊಂದಾಗಿ ಸಾಣೆ ಹಿಡಿದಿಟ್ಟಿದ್ದಳು ಕೂಡ. ಅಕ್ಕನ ಬೆನ್ನು ಮೂಟೆಯ ಭಾರಕ್ಕೆ ನಡುಗುತ್ತಿತ್ತು.

"ನಾಲ್ಕು ಹಲಗೆ ಖಾಲಿ ಇವೆ," ಎಂದಳು. "ಮೊದಲು ಇಳಿಸಿ ಅಕ್ಕ. ಗಾಜು ಬಿಸಿ ಇದೆ, ಕೈಗೆ ಗವುಸು ಹಾಕ್ಕೊಂಡು ಹೋಗಿ."